ಬೀಗರು ಕಳಿಸಿದ ಗಿಡ

ಹೊರ್ತಿ, ಇಂಡಿ ತಾಲೂಕು
28 ಆಗಸ್ಟ್ 1975

ತಂಗಡಗಿಯ ಬೀಗರಾದ ಸಂಗಣ್ಣನವರಿಗೆ ಹೊರ್ತಿಯ ಕಾಳಪ್ಪನ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಇಲ್ಲಿ ಕ್ಷೇಮ ಇಲ್ಲ. ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು. ಅಕ್ಷರ ಸೊಟ್ಟ ಇದ್ದರೆ ಇರಲಿ, ಮಾತು ನೆಟ್ಟಗಿದೆ.

ಪಂಚಮಿಗೆ ಮಗಳನ್ನು ಕಳಿಸುತ್ತೀರಿ ಎಂದು ನನ್ನ ಹೆಂಡತಿ ತಿಪ್ಪವ್ವ ಉಂಡಿ ಕಟ್ಟಿ ಇಟ್ಟಳು, ಬೇವಿನ ಗಿಡಕ್ಕೆ ಜೋಕಾಲಿ ಹಾಕಿಸಿದಳು. ನಾನು ಮೂರು ದಿನ ಬಸ್ಸು ನಿಲ್ಲುವಲ್ಲಿ ಹೋಗಿ ನಿಂತೆ. ಬಿಜಾಪುರದ ಕಡೆಯಿಂದ ಬಂದ ಪ್ರತಿ ಬಸ್ಸಿನಿಂದ ಯಾರ ಯಾರದೋ ಹೆಣ್ಣುಮಕ್ಕಳು ಇಳಿದರು. ರೇವವ್ವ ಇಳಿಯಲಿಲ್ಲ. ಓಣಿಯ ಹುಡುಗಿಯರು ನಮ್ಮ ಜೋಕಾಲಿ ಆಡಿ ಹೋದರು. ಉಂಡಿ ಇನ್ನೂ ಡಬ್ಬಿಯಲ್ಲಿವೆ, ಕಲ್ಲಾಗಿವೆ.

ನೀವು ಯಾಕೆ ಕಳಿಸಲಿಲ್ಲ ಎಂಬುದು ನನಗೆ ಗೊತ್ತು. ಹೆಣ್ಣಿನ ಅಪ್ಪ ತನ್ನ ಕೈಯಾರೆ ನೇಯ್ದ ಬಿಳಿ ಕಂಬಳಿಯ ಮೇಲೆ ಮದುಮಕ್ಕಳನ್ನು ಕೂಡಿಸುವುದು ನಮ್ಮ ಎರಡೂ ಮನೆಗಳ ಪದ್ಧತಿ. ವೈಶಾಖದಲ್ಲಿ ನಾನು ತಂದ ಕಂಬಳಿಯನ್ನು ಮದುವೆಯ ಹಂದರದಲ್ಲಿ ಬಿಚ್ಚಿದಾಗ ಏಳು ತೂತು ಇದ್ದವು. ನುಸಿ ತಿಂದಿತ್ತು. ಸುಮ್ಮನೆ ಮಡಿಸಿ ಒಳಗಿಡಬಹುದಿತ್ತು. ನೀವು ಅದನ್ನು ಬಿಸಿಲಿಗೆ ಎತ್ತಿ ಹಿಡಿದು, "ಬೀಗರ, ಇದು ಕಂಬಳಿ ಐತೇನ್ರಿ, ಹಿಟ್ಟು ಸೋಸೂ ಸಾಣಿಗಿ ಐತೇನ್ರಿ?" ಎಂದಿರಿ. ಜನ ನಕ್ಕರು. ಆಮೇಲೆ ನಾನು ನಿಮಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಹಂದರದಲ್ಲಿ ಇದ್ದವರೆಲ್ಲ ಕೇಳಿದ್ದಾರೆ.

ಅಂದವನು ನಾನು. ಸಿಟ್ಟು ನನ್ನ ಮೇಲೆ ಇರಲಿ. ಹುಡುಗಿಯನ್ನು ದೀಪಾವಳಿಗೆ ಕಳಿಸಿರಿ.

ಕಾಳಪ್ಪ


ತಂಗಡಗಿ, ಮುದ್ದೇಬಿಹಾಳ ತಾಲೂಕು
20 ಸೆಪ್ಟೆಂಬರ್ 1975

ಹೊರ್ತಿಯ ಬೀಗರಾದ ಕಾಳಪ್ಪನವರಿಗೆ ಸಂಗಣ್ಣನ ಶರಣು.

ಕಾಗದ ಮುಟ್ಟಿತು. ಅಕ್ಷರ ಸೊಟ್ಟ ಎಂದು ಬರೆದಿದ್ದೀರಿ, ನಮಗೇನೂ ಹಾಗೆ ಕಾಣಲಿಲ್ಲ. ಒಂದು ತೂತು ಮಾತ್ರ ಕಂಡಿತು. ತಪ್ಪಾಯಿತು ಎಂಬ ಮಾತು ಇರಬೇಕಾದ ಜಾಗದಲ್ಲಿ.

ನಿಮ್ಮ ಮಗಳು ಆರಾಮ ಇದ್ದಾಳೆ. ನನ್ನ ಮಗ ಸೋಮನಿಂಗನಿಗೂ ಅವಳಿಗೂ ಹೊಂದಿಕೆ ಚೆನ್ನಾಗಿದೆ. ಉಣ್ಣಲು ಉಡಲು ಕಡಿಮೆಯಿಲ್ಲ. ಆದರೆ ನಾನು ಆಡಿದ್ದು ನಗೆಮಾತು, ಬೀಗರು ಬೀಗರಿಗೆ ಆಡುವಂಥದ್ದು. ಸತ್ತು ಹೋದ ನನ್ನ ಅಪ್ಪನ ಹೆಸರು ಹಿಡಿದು ನೀವು ಬೈದಿರಿ. ಅದನ್ನು ಕೇಳಿಸಿಕೊಂಡ ಜನ ಇನ್ನೂ ಬದುಕಿದ್ದಾರೆ.

ಆದ್ದರಿಂದ ಒಂದು ಕರಾರು. ಇನ್ನೊಂದು ಬಿಳಿ ಕಂಬಳಿ ನೇಯಿರಿ. ಟ್ರಂಕಿನಲ್ಲಿಟ್ಟು ಒಂದು ಮಳೆಗಾಲ ಕಳೆಯಲು ಬಿಡಿರಿ. ಆಮೇಲೆ ನಾನೇ ಬಂದು ಬಿಸಿಲಿಗೆ ಹಿಡಿದು ನೋಡುತ್ತೇನೆ. ಒಂದೂ ತೂತು ಇಲ್ಲದಿದ್ದರೆ ರೇವವ್ವ ತವರಿಗೆ ಬರುತ್ತಾಳೆ. ಅಲ್ಲಿಯವರೆಗೆ ಇಲ್ಲ.

ಕರಾರು ಹಾಕಿ ಕೈಬಿಡುವವನಲ್ಲ ನಾನು. ನನ್ನ ತಮ್ಮ ಅಮಸಿದ್ದ ಮಿಲಿಟರಿಯಿಂದ ಪೆನ್ಶನ್ ತೆಗೆದುಕೊಂಡು ಬಂದಿದ್ದಾನೆ. ನೀಲಗಿರಿಯಲ್ಲಿ ಸಾಹೇಬರ ತೋಟ ನೋಡಿಕೊಂಡಿದ್ದ. ಅಲ್ಲಿ ಲ್ಯಾವೆಂಡರ ಎಂಬ ಗಿಡ ಬೆಳೆಯುತ್ತಾರೆ. ನೇರಳೆ ಬಣ್ಣದ ಹೂವು, ಅತ್ತರಿನಂಥ ವಾಸನೆ. ಒಣಗಿಸಿ ಉಣ್ಣೆ ಕೋಟುಗಳ ಮಡಿಕೆಯಲ್ಲಿಟ್ಟರೆ ನುಸಿ ಹತ್ತಿರ ಸುಳಿಯುವುದಿಲ್ಲವಂತೆ. ಅವನು ಎಂಟು ಸಸಿ ತಂದಿದ್ದಾನೆ. ಆರು ನಿಮಗೆ. ನಮಗೆ ಎರಡು ಸಾಕು, ನಮ್ಮ ಕಂಬಳಿಗಳಿಗೆ ಇಲ್ಲಿಯವರೆಗೆ ಔಷಧದ ಗರಜು ಬಿದ್ದಿಲ್ಲ.

ಸಂಗಣ್ಣ


ಹೊರ್ತಿ
9 ನವೆಂಬರ್ 1975

ಬೀಗರಾದ ಸಂಗಣ್ಣನವರಿಗೆ,

ಆರು ಸಸಿ ಮುಟ್ಟಿದವು. ಎಣ್ಣೆ ಡಬ್ಬಿಯಲ್ಲಿ ಮಣ್ಣು ತುಂಬಿ, ಮೊಣಕಾಲ ಮೇಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ತಂದುಕೊಟ್ಟ ನಿಮ್ಮ ತಮ್ಮ. ಒಂದೊಂದು ಗೇಣುದ್ದ ಇವೆ. ಎಲೆ ಕಿರಿದು, ಬೂದಿ ಬಳಿದ ಹಾಗೆ ಕಾಣುತ್ತವೆ.

ಅಮಸಿದ್ದ ಸಜ್ಜನ. ಆದರೆ ಚಹಾ ಕುಡಿಯುತ್ತ ನನಗೆ ಬೇಸಾಯ ಕಲಿಸತೊಡಗಿದ. "ಬೀಗರ, ಇದಕ್ಕ ನೀರು ಕಡಿಮಿ ಹಾಕ್ರಿ. ಗೊಬ್ಬರಾ ಬ್ಯಾಡ್ರಿ. ಬಡ ಮಣ್ಣಾಗ ಹಚ್ರಿ, ಬಿಸಲು ಬೀಳೂವಲ್ಲಿ" ಎಂದ. "ನೀ ಬಂದೂಕ ಹಿಡದಾಂವ, ನಾ ಹುಟ್ಟಿದಾಗಿಂದ ಮಣ್ಣಾಗ ಅದೀನಿ. ಚಾ ಆರತೈತಿ, ಕುಡಿ" ಎಂದೆ. ಕುಡಿದು ಹೋದ.

ಉಪವಾಸ ಕೆಡವಿದರೆ ಯಾವ ಗಿಡ ಬದುಕುತ್ತದೆ? ನಿಮ್ಮ ಮನೆಯಿಂದ ಬಂದದ್ದು ನನ್ನ ಮನೆಯಲ್ಲಿ ಸೊರಗಿತು ಎಂಬ ಮಾತು ನನಗೆ ಬೇಡ. ಕುರಿ ಹಟ್ಟಿಯ ಪಕ್ಕದ ಕಪ್ಪು ಎರಿ ಮಣ್ಣಿನಲ್ಲಿ ಹಿಕ್ಕೆ ಗೊಬ್ಬರ ಹಾಕಿ ಹಚ್ಚಿದ್ದೇನೆ. ಮುಂಜಾನೆ ಒಂದು ಕೊಡ, ಸಂಜೆ ಒಂದು ಕೊಡ ನೀರು. ನನ್ನ ಕುರಿಗಳಿಗೂ ಇಷ್ಟು ಉಪಚಾರ ಇಲ್ಲ.

ಕರಾರಿಗೆ ಒಪ್ಪಿದೆ. ನನ್ನ ಕುರಿಗಳೆಲ್ಲ ಕರಿಯವು. ಹಿಂದಿನ ಕಂಬಳಿಗೆ ಬಿಳಿ ಉಣ್ಣೆ ಕೂಡಿಸಲು ಮೂರು ವರ್ಷ ಬೇಕಾಯಿತು. ಈ ಸಲ ಅಷ್ಟು ದಿನ ಕಾಯುವುದಿಲ್ಲ. ಲಚ್ಯಾಣದಿಂದ ಇಂಡಿಯವರೆಗೆ ಹಟ್ಟಿ ಹಟ್ಟಿ ತಿರುಗಿ ಕೇಳಿ ತರುತ್ತೇನೆ. ಕೇಳುವುದು ನನಗೆ ಬರುವುದಿಲ್ಲ, ಕಲಿಯುತ್ತೇನೆ.

ದೀಪಾವಳಿಗೂ ಹುಡುಗಿ ಬರಲಿಲ್ಲ.

ಕಾಳಪ್ಪ


ಹೊರ್ತಿ
18 ಜನವರಿ 1976

ಬೀಗರಿಗೆ ಶರಣು. ಆರೂ ಗಿಡ ಜೋರಾಗಿವೆ. ಕಂಬಳಿ ಮಗ್ಗದ ಮೇಲಿದೆ. ಕಾರ್ಡಿನಲ್ಲಿ ಇನ್ನೂ ಜಾಗ ಇದೆ, ಬರೆಯಲು ಏನೂ ಇಲ್ಲ.

ಕಾಳಪ್ಪ


ಹೊರ್ತಿ
18 ಜನವರಿ 1976

ಮಗಳು ರೇವವ್ವನಿಗೆ ಅಪ್ಪನ ಆಶೀರ್ವಾದ.

ಉಣ್ಣೆ ಕೊಳ್ಳಲು ಬರುವ ಬಾಬುಲಾಲನ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ. ಅವನು ತಂಗಡಗಿಗೂ ಬರುತ್ತಾನೆ. ಓದಿ ಒಲೆಗೆ ಹಾಕು. ನಿನ್ನ ಮಾವನಿಗೆ ಇವತ್ತೇ ಒಂದು ಕಾರ್ಡು ಹಾಕಿದ್ದೇನೆ. ಅದರಲ್ಲಿ ಇರುವುದು ಸುಳ್ಳು.

ಗಿಡ ಸತ್ತವು. ಮೊದಲು ಎಲೆ ಮೆತ್ತಗಾದವು. ನೀರು ಸಾಲದು ಎಂದು ಇನ್ನೊಂದು ಕೊಡ ಹಾಕಿದೆ. ಬುಡ ಕಪ್ಪಾಯಿತು. ಶಕ್ತಿ ಸಾಲದು ಎಂದು ಮತ್ತೆ ಹಿಕ್ಕೆ ಹಾಕಿದೆ. ಸಂಕ್ರಾಂತಿಯ ಹೊತ್ತಿಗೆ ಐದೂ ಕೊಳೆತು ಕೈಗೆ ಬಂದವು. ಬೇರಿಗೆ ಕೆಸರಿನ ನಾತ. ಇಷ್ಟು ಉಣಿಸಿ ತಣಿಸಿ ನಾನು ಯಾವ ಜೀವವನ್ನೂ ಕೊಂದಿರಲಿಲ್ಲ.

ಐದು ಯಾಕೆ ಎಂದರೆ, ಆರನೆಯದನ್ನು ನಾನು ಹಚ್ಚಿರಲೇ ಇಲ್ಲ. ಡಬ್ಬಿಗೆ ನಿನ್ನ ಮಾವ ಒಂದು ಚೀಟಿ ಕಟ್ಟಿದ್ದ. 'ಸಾಣಿಗಿಗೆ ಔಷಧ' ಎಂದು ಬರೆದಿದ್ದ. ಓದಿದ ಕೂಡಲೇ ಕೈಗೆ ಸಿಕ್ಕ ಒಂದು ಸಸಿಯನ್ನು ಮಣ್ಣಿನ ಹೆಂಟೆ ಸಮೇತ ಕಿತ್ತು ಗೋಡೆಯ ಆಚೆಗೆ ಎಸೆದಿದ್ದೆ. ನನ್ನ ಸಿಟ್ಟು ನಿನಗೆ ಗೊತ್ತೇ ಇದೆ.

ನಿನ್ನೆ ಒಂದು ಮರಿ ತಪ್ಪಿಸಿಕೊಂಡಿತೆಂದು ಗೋಡೆಯ ಹಿಂದೆ ಹೋದೆ. ಬಾವಿ ತೋಡಿದಾಗ ಬಂದ ಸುಣ್ಣಕಲ್ಲಿನ ಗುಂಪಿ ಅಲ್ಲಿ ಹಾಗೇ ಬಿದ್ದಿದೆಯಲ್ಲ, ಅದರ ನೆತ್ತಿಯ ಮೇಲೆ ಆ ಸಸಿ ನಿಂತಿದೆ. ಗೇಣಿದ್ದದ್ದು ಒಂದೂವರೆ ಗೇಣಾಗಿದೆ. ಸುತ್ತಲಿನ ಹುಲ್ಲನ್ನು ಕುರಿಗಳು ಬುಡದವರೆಗೆ ಮೇಯ್ದಿವೆ, ಇದಕ್ಕೆ ಬಾಯಿ ಹಾಕಿಲ್ಲ. ಎಲೆ ತಿಕ್ಕಿ ನೋಡಿದೆ. ಊಟಕ್ಕೆ ಕುಳಿತಾಗಲೂ ಕೈಯಲ್ಲಿ ವಾಸನೆ ಇತ್ತು.

ನಿಮ್ಮವ್ವನನ್ನು ಕರೆದು ತೋರಿಸಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ನಾನು ಎಸೆದ ದಿನವೇ ಅದನ್ನು ಎತ್ತಿ ಕಲ್ಲಿನ ಸಂದಿಯಲ್ಲಿ ಊರಿದ್ದಳಂತೆ. ವಾರಕ್ಕೆ ಒಂದು ಚರಿಗೆ ನೀರು ಹಾಕುತ್ತಿದ್ದಳಂತೆ.

"ನನಗ್ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ಗೊಬ್ಬರಾ ಹಾಕತಿದ್ದಿ" ಎಂದಳು.

ಒಂದು ಗಿಡ ಇದೆ. ಅದರ ಮೇಲೆ ನೀನು ಬರುವುದು ನಿಂತಿದೆ. ಈಗ ಅದರ ಉಸಾಬರಿ ನಿಮ್ಮವ್ವನದು. ನಾನು ದೂರ ನಿಂತು ನೋಡುತ್ತೇನೆ. ಅದು ನನಗೆ ಬಹಳ ಕಷ್ಟದ ಕೆಲಸ.

ನಿನ್ನ ಅಪ್ಪ


ತಂಗಡಗಿ
2 ಏಪ್ರಿಲ್ 1976

ಬೀಗರಾದ ಕಾಳಪ್ಪನವರಿಗೆ ಶರಣು.

ಯುಗಾದಿ ಆಯಿತು. ಇದು ಹೂವು ಬಿಡುವ ಕಾಲ ಎಂದು ಅಮಸಿದ್ದ ಹೇಳುತ್ತಾನೆ. ನಿಮ್ಮ ಆರು ಗಿಡಗಳಲ್ಲಿ ಹೂ ಬಂದಿವೆಯೇ? ಬಣ್ಣ ಹೇಗಿದೆ? ನೇರಳೆ ಹೂವು ಎಂದು ನಾನು ಊರಿನವರಿಗೆಲ್ಲ ಹೇಳಿಬಿಟ್ಟಿದ್ದೇನೆ, ಆದ್ದರಿಂದ ಕೇಳಿದೆ.

ನಮ್ಮ ಎರಡು ಗಿಡಗಳ ವಿಷಯ ಆಮೇಲೆ ಬರೆಯುತ್ತೇನೆ.

ಸಂಗಣ್ಣ


ಹೊರ್ತಿ
12 ಏಪ್ರಿಲ್ 1976

ಬೀಗರಿಗೆ ಶರಣು. ಹೂ ಬಂದಿವೆ. ಬಣ್ಣ ಇರಬೇಕಾದ ಹಾಗೇ ಇದೆ. ಆಮೇಲೆ ಬರೆಯುತ್ತೇನೆ ಎಂದಿದ್ದೀರಿ. ಆಮೇಲೆ ಎಂದರೆ ಯಾವಾಗ?

ಕಾಳಪ್ಪ


ಹೊರ್ತಿ
11 ಜೂನ್ 1976

ಮಗಳು ರೇವವ್ವನಿಗೆ ಆಶೀರ್ವಾದ.

ಹೂವು ಬಿಳಿ.

ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ. ತೆನೆಯ ಹಾಗೆ ನೆಟ್ಟಗೆ ನಿಂತ ಕಡ್ಡಿಗಳ ತುದಿಯಲ್ಲಿ ಮೊಗ್ಗು ಕಂಡಾಗ ದಿನಾ ಹೋಗಿ ನೋಡಿದೆ, ಇವತ್ತು ನೇರಳೆ ತಿರುಗುತ್ತದೆ, ನಾಳೆ ತಿರುಗುತ್ತದೆ ಎಂದು. ಬಿಚ್ಚಿದರೆ ತುಂಬೆ ಹೂವಿನಂಥ ಬಿಳುಪು. ಇದು ರೋಗ ಇರಬೇಕು, ಇಲ್ಲವೇ ಸುಣ್ಣಕಲ್ಲಿನ ಬಿಳುಪು ಬೇರಿನಿಂದ ಮೇಲಕ್ಕೇರಿರಬೇಕು. ಬಣ್ಣ ಕಳೆದುಕೊಂಡ ಹೂವಿಗೆ ನುಸಿ ಓಡಿಸುವ ಶಕ್ತಿ ಉಳಿದಿರುತ್ತದೆಯೇ? ಕೇಳಬೇಕೆಂದರೆ ಅಮಸಿದ್ದನನ್ನು ಕೇಳಬೇಕು. ಅವನಿಗೆ ಚಹಾ ಕುಡಿದು ಹೋಗು ಅಂದವನು ನಾನು.

ಕತ್ತರಿಸಲು ಉಣ್ಣೆಯ ಕತ್ತರಿಯನ್ನೇ ತೆಗೆದುಕೊಂಡೆ. ಕುರಿಯ ತೊಗಲಿಗೆ ತಾಗದ ಹಾಗೆ ಉಣ್ಣೆ ತೆಗೆಯುತ್ತೇವಲ್ಲ, ಹಾಗೆ ಹಸಿರು ಇದ್ದಷ್ಟನ್ನು ತೆಗೆದು, ಕಟ್ಟಿಗೆಯಾದ ಭಾಗ ಬಿಟ್ಟೆ. ನಿಮ್ಮವ್ವ ಪಕ್ಕದಲ್ಲಿ ನಿಂತು "ಸಾಕು, ಸಾಕು" ಎನ್ನುತ್ತಿದ್ದಳು. ಒಂದು ಬೊಗಸೆ ಆಯಿತು. ನೆರಳಿನಲ್ಲಿ ಒಣಗಿಸಿದ ಮೇಲೆ ಅರ್ಧ ಬೊಗಸೆ.

ಕಂಬಳಿ ಮುಗಿದಿದೆ. ಹನ್ನೊಂದು ಹಟ್ಟಿಯ ಉಣ್ಣೆ ಅದರಲ್ಲಿದೆ. ಮಡಿಕೆ ಮಡಿಕೆಗೆ ಚಿಟಿಕೆ ಚಿಟಿಕೆ ಹೂ ಉದುರಿಸಿ ಟ್ರಂಕಿನಲ್ಲಿಟ್ಟೆವು. ಬಿಳಿಯ ಮೇಲೆ ಬಿಳಿ, ಹೂವು ಎಲ್ಲಿ ಬಿತ್ತೆಂದು ಕಾಣುವುದೇ ಇಲ್ಲ. ಅಂಚಿನವರೆಗೆ ಸಾಲಲಿಲ್ಲ. ಕೀಲಿಯನ್ನು ನಿಮ್ಮವ್ವನ ಕೈಗೆ ಕೊಟ್ಟೆ.

ಮೊನ್ನೆ ಮಿರಗದ ಮಳೆ ದಪ್ಪಗೆ ಬಂತು. ಬುಡದಲ್ಲಿ ನೀರು ನಿಂತರೆ ಇದೂ ಹೋಯಿತು ಎಂದು ನನ್ನ ಹಳೆಯ ಕಂಬಳಿಯನ್ನು ಮಳೆಗೆ ತಲೆಯ ಮೇಲೆ ಹೊದೆಯುವ ಕೊಪ್ಪಿ ಮಾಡಿ ಗಿಡದ ಮೇಲೆ ನಿಲ್ಲಿಸಿ, ನಾನು ತೊಯ್ದು ಮನೆಗೆ ಬಂದೆ. "ಮೂವತ್ತ ವರ್ಷದಾಗ ನನ್ನ ತಲಿಮ್ಯಾಲ ಒಂದಿನಾ ಕೊಪ್ಪಿ ಹಾಕಲಿಲ್ಲ. ಗಿಡದ ಪುಣ್ಯಾ ನೋಡ್ರಿ" ಎಂದು ನಿಮ್ಮವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ನಿನ್ನ ಅಪ್ಪ


ತಂಗಡಗಿ
14 ಸೆಪ್ಟೆಂಬರ್ 1976

ಅಪ್ಪನಿಗೆ ರೇವವ್ವನ ನಮಸ್ಕಾರ.

ಬಾಬುಲಾಲ ಕಾಕಾ ಅಂಗಳದಲ್ಲಿ ಉಣ್ಣೆ ತೂಗುತ್ತಿದ್ದಾನೆ. ಅವನು ಹೊರಡುವುದರೊಳಗೆ ಇದನ್ನು ಮುಗಿಸಬೇಕು.

ನನಗೆ ಈಗ ನಾಲ್ಕನೆಯ ತಿಂಗಳು. ಅವ್ವನಿಗೆ ಮೊದಲು ಹೇಳು, ಆಮೇಲೆ ಉಳಿದದ್ದನ್ನು ಓದು.

ಮಾವ ನಿಮಗೆ ಸುದ್ದಿ ಕಳಿಸುತ್ತಾನೆ, ಒಳ್ಳೆಯ ದಿನ ನೋಡುತ್ತಿದ್ದಾನೆ. ನನ್ನ ಮೇಲೆ ಸಿಟ್ಟಿಲ್ಲ. ಬಯಕೆಗೆ ಎಳೆ ಹುಣಸೆಕಾಯಿ ಬೇಕೆಂದಾಗ ತಾನೇ ಹೊಳೆ ದಾಟಿ ಹೋಗಿ ತಂದ. ಈ ಪಂಚಮಿಗೆ ನಾನು ಕೇಳಲೂ ಇಲ್ಲ, ಅವನು ಬೇಡ ಎನ್ನಲೂ ಇಲ್ಲ. ಹಬ್ಬದ ದಿನ ನನ್ನ ಮುಖ ನೋಡಲಾರದೆ ಹೊಲಕ್ಕೆ ಹೋಗಿಬಿಟ್ಟ. ಆಡಿದ ಕರಾರು ಅವನನ್ನೇ ಕಟ್ಟಿಹಾಕಿದೆ.

ಇನ್ನೊಂದು ಮಾತು. ನಿನಗೆ ಹೇಳಲೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದೆ. ಹಿತ್ತಲಲ್ಲಿ ಮಾವ ಹಚ್ಚಿದ ಎರಡು ಗಿಡಗಳಲ್ಲಿ ಒಂದು ಸತ್ತಿತು. ಇನ್ನೊಂದು ಹೂ ಬಿಟ್ಟಿತು. ಅಪ್ಪಾ, ಅದೂ ಬಿಳಿಯೇ. ಮಾವ ದಿನಾ ನಸುಕಿನಲ್ಲಿ ಎದ್ದು, ಯಾರೂ ನೋಡುವುದರೊಳಗೆ ಹೂವು ಚಿವುಟಿ ರುಮಾಲಿನ ಸುತ್ತಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ. ನೇರಳೆ ಹೂವು ಎಂದು ಊರ ತುಂಬ ಹೇಳಿದ್ದಾನಲ್ಲ. ಅಮಸಿದ್ದ ಕಾಕಾ ಕೇಳಿದರೆ ಇನ್ನೂ ಹೂ ಬಂದಿಲ್ಲ ಅನ್ನುತ್ತಿದ್ದ. ನಾನು ಬಚ್ಚಲಿನ ಸಂದಿಯಿಂದ ನೋಡಿದೆ.

ಇದನ್ನು ಹಿಡಿದು ನೀನು ಅವನನ್ನು ಆಡಿಕೊಳ್ಳಬೇಡ. ಆಡಿಕೊಂಡರೆ ಹೇಳಿದವಳು ನಾನೆಂದು ಗೊತ್ತಾಗುತ್ತದೆ. ಅದು ಹೋಗಲಿ. ನಾನು ಬರಬೇಕು, ಅಪ್ಪಾ. ಚೊಚ್ಚಲ ಹೆರಿಗೆ. ಇಲ್ಲಿ ಎಲ್ಲರೂ ಒಳ್ಳೆಯವರು, ಆದರೆ ಅವ್ವ ಇಲ್ಲ.

ರೇವವ್ವ


ಹೊರ್ತಿ
5 ಡಿಸೆಂಬರ್ 1976

ತಂಗಡಗಿಯ ಬೀಗರಾದ ಸಂಗಣ್ಣನವರಿಗೆ ಕಾಳಪ್ಪನ ಶರಣು.

ಇದಕ್ಕೆ ಮೊದಲು ಎರಡು ಕಾಗದ ಬರೆದು ಹರಿದುಹಾಕಿದೆ. ಅವುಗಳಲ್ಲಿ ನನ್ನ ಮಾತು ಮೇಲಾಗಿತ್ತು. ಇದರಲ್ಲಿ ಕೆಳಗಾಗುತ್ತದೆ, ಆಗಲಿ.

ಮಳೆಗಾಲ ಮುಗಿಯಿತು. ಕರಾರಿನ ಪ್ರಕಾರ ನೀವು ಬಂದು ಟ್ರಂಕು ಬಿಚ್ಚಬೇಕು. ಬಿಚ್ಚುವ ಮೊದಲು ನಿಮಗೆ ಕೆಲವು ಸಂಗತಿ ಗೊತ್ತಿರಲಿ.

ಆರೂ ಗಿಡ ಜೋರಾಗಿವೆ ಎಂದು ಬರೆದದ್ದು ಸುಳ್ಳು. ನಿಮ್ಮ ತಮ್ಮ ಬೇಡ ಎಂದದ್ದನ್ನೆಲ್ಲ ಮಾಡಿ ಐದು ಗಿಡ ಕೊಳೆಸಿದೆ. ಅವನಿಗೆ ಹೇಳಿರಿ, ಅವನು ಹೇಳಿದ್ದೇ ಖರೆ. ಆರನೆಯದನ್ನು ನಿಮ್ಮ ಚೀಟಿ ಓದಿ ಎಸೆದಿದ್ದೆ, ತಿಪ್ಪವ್ವ ಎತ್ತಿ ಬದುಕಿಸಿದಳು. ಹೂವಿನ ಬಣ್ಣ ಇರಬೇಕಾದ ಹಾಗೇ ಇದೆ ಎಂದದ್ದೂ ಸುಳ್ಳು. ಹೂವು ಬಿಳಿ ಬಂದಿದೆ. ನನ್ನ ಕೈಯಲ್ಲಿ ಅದು ಯಾಕೆ ಬಣ್ಣ ಬಿಟ್ಟಿತೋ ನನಗೆ ಗೊತ್ತಿಲ್ಲ. ಆ ಬಿಳಿ ಹೂವನ್ನೇ ಕಂಬಳಿಯಲ್ಲಿ ಇಟ್ಟಿದ್ದೇನೆ. ಕೆಲಸ ಮಾಡಿದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಮದುವೆಯ ಕಂಬಳಿಯ ಮಾತು. ರೇವವ್ವ ಹತ್ತು ವರ್ಷದವಳಿದ್ದಾಗ ಅದನ್ನು ನೇಯ್ದೆ. ಹುಣಸೆ ಬೀಜ ಕುದಿಸಿದ ಸರಿಯ ಅಂಟು ಹಚ್ಚಿ, ಪೂರ್ತಿ ಆರುವ ಮೊದಲೇ ಟ್ರಂಕಿಗೆ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. "ವರ್ಷಕ್ಕೊಮ್ಮಿ ಬಿಸಲಿಗೆ ಹಾಕೂಣು, ಕೀಲಿ ಕೊಡ್ರಿ" ಎಂದು ತಿಪ್ಪವ್ವ ಪ್ರತಿ ಬೇಸಿಗೆ ಕೇಳಿದಳು. "ಮಂದಿ ಕಣ್ಣ ಬೀಳತೈತಿ, ಸುಮ್ಕಿರು" ಎಂದು ಪ್ರತಿ ಬೇಸಿಗೆ ಗದರಿಸಿದೆ. ಎಂಟು ವರ್ಷ ಆ ಟ್ರಂಕು ಬಿಸಿಲು ಕಾಣಲಿಲ್ಲ. ಹಂದರದಲ್ಲಿ ನೀವು ಎತ್ತಿ ಹಿಡಿದಾಗ ತಿಪ್ಪವ್ವ ನನ್ನ ಮುಖ ನೋಡಿದಳು. ಅವಳಿಗೆ ಹೇಳಬೇಕಾದದ್ದನ್ನು ಹೇಳಲಾರದೆ ನಿಮಗೆ ಬೈದೆ. ಬೈಯಬೇಕಾದದ್ದು ನನಗೆ. ನಿಮ್ಮ ಅಪ್ಪನನ್ನು ನಾನು ಕಂಡವನೂ ಅಲ್ಲ. ತಪ್ಪಾಯಿತು.

ತಿಪ್ಪವ್ವನಿಗೆ ಇದನ್ನು ಓದಿ ಹೇಳಿಯೇ ಅಂಚೆಗೆ ಹಾಕುತ್ತೇನೆ.

ನೀವು ಕಳಿಸಿದ ಸುದ್ದಿಯ ಪ್ರಕಾರ ರೇವವ್ವನಿಗೆ ಏಳರಲ್ಲಿ ನಡೆದಿದೆ. ಬಂದು ಟ್ರಂಕು ಬಿಚ್ಚಿರಿ. ತೂತು ಇದ್ದರೆ ಅವತ್ತು ಅಂದ ಮಾತನ್ನು ಮತ್ತೊಮ್ಮೆ ಅನ್ನಿರಿ, ಓಣಿ ಕೇಳಲಿ, ನಾನು ಬಾಯಿ ಬಿಡುವುದಿಲ್ಲ. ಆದರೆ ಹುಡುಗಿಯನ್ನು ಕಂಬಳಿಗೆ ಕಟ್ಟಬೇಡಿರಿ. ಬಸುರಿಗೆ ಉಡಿ ತುಂಬುವ ಕುಬಸ ಅಲ್ಲಿ ಮಾಡಿ, ಹೆರಿಗೆಗೆ ಇಲ್ಲಿಗೆ ಕಳಿಸಿರಿ.

ಕಾಳಪ್ಪ


ತಂಗಡಗಿ
14 ಡಿಸೆಂಬರ್ 1976

ಹೊರ್ತಿಯ ಬೀಗರಾದ ಕಾಳಪ್ಪನವರಿಗೆ ಸಂಗಣ್ಣನ ಶರಣು.

ನಿಮ್ಮ ಕಾಗದ ಓದಿ ಕಟ್ಟೆಯ ಮೇಲೆ ಕುಳಿತು ನಕ್ಕೆ. ನಿಮ್ಮನ್ನು ನೋಡಿ ಅಲ್ಲ. ಏಳೆಂಟು ತಿಂಗಳಿನಿಂದ ಎದೆಯ ಮೇಲೆ ಇದ್ದ ಒಂದು ಕಲ್ಲು ಇಳಿಯಿತು ಎಂದು. ನನ್ನ ಹೆಂಡತಿ ಒಳಗಿನಿಂದ ಬಂದು "ಹೊರ್ತ್ಯಾಗ ಏನಾತ್ರಿ?" ಎಂದು ಗಾಬರಿಯಾದಳು.

ನನ್ನ ಗಿಡದ ಹೂವೂ ಬಿಳಿ, ಬೀಗರೇ. ಎರಡರಲ್ಲಿ ಒಂದು ಸತ್ತಿತು. ಉಳಿದದ್ದು ಬಿಳಿ ಹೂ ಬಿಟ್ಟಿತು. ತಮ್ಮ ಮೋಸ ಹೋದನೋ, ನಾನು ಕೆಡಿಸಿದೆನೋ ತಿಳಿಯದೆ ಬಾಯಿ ಮುಚ್ಚಿಕೊಂಡು ಇದ್ದೆ. ನಿಮ್ಮದು ನೇರಳೆ ಬಂದಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಹೊರ್ತಿಗೆ ಬರಬೇಕಿತ್ತು? ಬಣ್ಣ ಇರಬೇಕಾದ ಹಾಗೇ ಇದೆ ಎಂದು ನೀವು ಬರೆದ ಕಾರ್ಡನ್ನು ಇಪ್ಪತ್ತು ಸಲ ಓದಿದ್ದೇನೆ.

ಇವತ್ತು ಅಮಸಿದ್ದನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಏನೋ, ನೇರಳಿ ಅಂತ ಹೇಳಿ ಬಿಳೀದು ತಂದೀಯಲ್ಲ" ಎಂದೆ.

"ಬಿಳೀದೂ ಇರತೈತಿ ಯಣ್ಣಾ. ಅಲ್ಲಿ ತುಂಬಾ ನೇರಳಿ, ಬಿಳೀದು ಭಾಳ ಕಡಿಮಿ. ನನ್ನ ಕೂಡ ಇದ್ದ ಮಾಲಿ ಪ್ರೀತಿಯಿಂದ ಬಿಳೀದರ ಸಸಿ ಕೊಟ್ಟ" ಎಂದ.

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ಯಾರ ಕೇಳೀರಿ? ಅವರು ಚಾ ಕುಡಿ ಅಂದ್ರು, ನೀ ಹೂ ಬಂದಿಲ್ಲ ಅಂದಿ."

ವಾಸನೆಗೂ ಗುಣಕ್ಕೂ ಬಿಳಿಯದು ಕಡಿಮೆಯಲ್ಲವಂತೆ. ಮಿಲಿಟರಿಯವನು, ಇಷ್ಟು ಹೇಳಿ ಸಂಡಿಗೆ ತಿನ್ನಲು ಒಳಗೆ ಹೋದ.

ನನ್ನ ಅಪ್ಪನ ಮಾತು ಅಲ್ಲಿಗೆ ಮುಗಿಯಿತು. ಅವನು ಬದುಕಿದ್ದರೆ ನನಗೇ ಬೈಯುತ್ತಿದ್ದ, ಹೆಣ್ಣುಮಗಳನ್ನು ಎರಡು ಪಂಚಮಿ ನಿಲ್ಲಿಸಿಕೊಂಡದ್ದಕ್ಕೆ. ನಾನು ಒಂದು ಮಾತು ಆಡಿಬಿಟ್ಟೆ, ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಕಾಣಲಿಲ್ಲ. ದಾರಿ ನೀವು ತೋರಿಸಿದಿರಿ.

ಬರುವ ಗುರುವಾರ ಕುಬಸ. ನೀವಿಬ್ಬರೂ ಬರಬೇಕು. ಮರುದಿನ ನಾನೇ ನಿಮ್ಮ ಜೊತೆ ರೇವವ್ವನನ್ನು ಕರೆದುಕೊಂಡು ಹೊರ್ತಿಗೆ ಬರುತ್ತೇನೆ. ಟ್ರಂಕು ಬಿಚ್ಚುವುದು, ಬಿಡುವುದು ನಿಮ್ಮ ಇಷ್ಟ. ಕರಾರು ಇಲ್ಲ.

ಸಂಗಣ್ಣ


ಹೊರ್ತಿ
6 ಮಾರ್ಚ್ 1977

ತಂಗಡಗಿಯ ಬೀಗರಾದ ಸಂಗಣ್ಣನವರಿಗೆ ಕಾಳಪ್ಪನ ಶರಣು.

ಇಲ್ಲಿ ಎಲ್ಲರೂ ಕ್ಷೇಮ. ಈ ಸಲ ಇದನ್ನು ಮೊದಲೇ ಬರೆಯುತ್ತೇನೆ, ಖರೆ ಇದೆ.

ತಾರು ಮುಟ್ಟಿರಬೇಕು. ಅದರಲ್ಲಿ ಹೆಣ್ಣು ಎಂದಷ್ಟೇ ಬರೆಸಿದ್ದೆ. ಉಳಿದದ್ದು ಇಲ್ಲಿದೆ. ನಿನ್ನೆ ಮುಂಜಾನೆ ಕುರಿ ಬಿಡುವ ಹೊತ್ತಿಗೆ ಹುಟ್ಟಿತು. ರೇವವ್ವ ಆರಾಮ ಇದ್ದಾಳೆ, ಗಂಜಿ ಕುಡಿದು ಮಲಗಿದ್ದಾಳೆ. ಕೂಸಿನ ದನಿ ನನ್ನದಂತೆ. ಹಟ್ಟಿಯ ಕುರಿಗಳೆಲ್ಲ ತಲೆ ಎತ್ತಿದವು. "ಸಿಟ್ಟೂ ಮುತ್ಯಾಂದ ಬಂದೈತಿ" ಎಂದಳು ಸೂಲಗಿತ್ತಿ. ತಿಪ್ಪವ್ವ, "ಬರವಲ್ಲದ್ಯಾಕ, ಇಳಸಾಕ ನಾ ಅದೀನಿ" ಎಂದಳು. ಸೋಮನಿಂಗನನ್ನು ಐದನೆಯ ದಿನಕ್ಕೆ ಕಳಿಸಿರಿ. ಹೆಸರು ನಿಮ್ಮ ಮನೆಯವರು ಇಡುವುದು, ನಾನು ಬಾಯಿ ಹಾಕುವುದಿಲ್ಲ.

ಬಾಣಂತಿಯ ಹೊರಸಿನ ಮೇಲೆ ಆ ಬಿಳಿ ಕಂಬಳಿಯನ್ನೇ ಹಾಸಿದ್ದೇವೆ. ಕೋಣೆಗೆ ಹೋದರೆ ಬೆಳ್ಳುಳ್ಳಿ ಹೊಗೆಯ ಜೊತೆಗೆ ಆ ಹೂವಿನ ವಾಸನೆ ಇನ್ನೂ ಬರುತ್ತದೆ.

ಗಿಡ ಈಗ ನನ್ನ ಮೊಣಕಾಲಿನವರೆಗೆ ಬಂದಿದೆ. ಮತ್ತೆ ಮೊಗ್ಗು ಹಿಡಿದಿದೆ. ಕುಬಸಕ್ಕೆ ನಾವು ಅಲ್ಲಿಗೆ ಬಂದಾಗ ಅಮಸಿದ್ದನನ್ನು ಪಕ್ಕಕ್ಕೆ ಕರೆದು ಕೇಳಿದೆ. ಕೇಳುವುದು ಅಂಥ ಕಷ್ಟದ ಕೆಲಸವೇನೂ ಅಲ್ಲ. ಅವನು ಹೇಳಿದಂತೆ ಬಲಿತಿರದ ಕಡ್ಡಿ ಚಿವುಟಿ, ಕೆಳಗಿನ ಎಲೆ ತೆಗೆದು, ಮರಳಿಗೆ ಸುಣ್ಣಕಲ್ಲಿನ ಪುಡಿ ಕೂಡಿಸಿ ಇಪ್ಪತ್ತು ಊರಿದ್ದೆ. ಹದಿಮೂರು ಬೇರು ಬಿಟ್ಟಿವೆ. ಆರು ನಿಮಗೆ ಇಟ್ಟಿದ್ದೇನೆ, ಸೋಮನಿಂಗನ ಕೈಯಲ್ಲಿ ಕಳಿಸುತ್ತೇನೆ. ಹೊಳೆಯ ದಂಡೆಯ ಎರಿಯಲ್ಲಿ ಹಚ್ಚಬೇಡಿರಿ. ಹಿತ್ತಲಲ್ಲಿ ಗರಸು ಕಲ್ಲು ಸುರಿದು ದಿಬ್ಬ ಮಾಡಿ ಮೇಲೆ ಹಚ್ಚಿರಿ. ಗೊಬ್ಬರ ಬೇಡ, ನೀರು ಕಡಿಮೆ, ಹೂ ಮುಗಿದ ಮೇಲೆ ಕತ್ತರಿ. ಯಾರು ಏನು ಕಲಿಸಿದರೂ ಚಹಾ ಕೊಟ್ಟು ಪೂರ್ತಿ ಕೇಳಿರಿ.

ನಿಮ್ಮ ರುಮಾಲು ಅವತ್ತು ಘಮ್ಮೆನ್ನುತ್ತಿತ್ತು. ಯಾಕೆ ಎಂದು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ.

ರೇವವ್ವನನ್ನು ಕರೆತಂದ ದಿನ, ಟ್ರಂಕು ಬಿಚ್ಚುವುದು ಬೇಡ ಎಂದು ನೀವು ಎಷ್ಟು ಹೇಳಿದರೂ ನಾನೇ ಬಿಚ್ಚಿಸಿದೆನಲ್ಲ. ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ಕೂಡಿದ್ದರು. ನೀವು ಕಂಬಳಿಯನ್ನು ಎರಡೂ ಕೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿದು, ಮೇಲಿನಿಂದ ಕೆಳಗಿನವರೆಗೆ ನೋಡಿ, "ಇದರಾಗ ನೀರ ತುಂಬಿದ್ರೂ ಸೋರೂದಿಲ್ಲ ಬಿಡ್ರಿ" ಎಂದಿರಿ. ಹೆಂಗಸರು ನಕ್ಕರು. ರೇವವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮಾತಾಡದೆ ನಿಂತಿದ್ದೆ, ನನಗೆ ಅದು ಹೊಸದು.

ನಿಮ್ಮ ಎಡಗೈ ಹೆಬ್ಬೆರಳು ಅಂಚಿನ ಹತ್ತಿರ ಒಂದೇ ಕಡೆ ಒತ್ತಿಕೊಂಡಿತ್ತು. ಹಿಡಿದಷ್ಟು ಹೊತ್ತೂ ಅಲ್ಲಿಂದ ಸರಿಯಲಿಲ್ಲ. ಮಡಿಸುವಾಗಲೂ ಆ ಮೂಲೆಯನ್ನು ಒಳಗೆ ಮಾಡಿ ತಿಪ್ಪವ್ವನ ಕೈಗೆ ಕೊಟ್ಟಿರಿ.

ಆ ಜಾಗಕ್ಕೆ ಬಿಳಿ ಉಣ್ಣೆಯ ಎರಡು ಹೊಲಿಗೆ ಹಾಕಿದ್ದೇನೆ. ಕೂಸಿನ ತಲೆ ಈಗ ಅಲ್ಲೇ ಇದೆ.

ನಿಮ್ಮ ಬೀಗ
ಕಾಳಪ್ಪ